ಮಾಮೂಲು ದಾರಿ: ಪಾಗಾರ ಏಳುವ ಮೊದಲು ಬರೆದಿಡಬೇಕಾದದ್ದು

ಮಂಗಳೂರು, ಉಡುಪಿ ಕಡೆಯ ಹಳೆಯ ಕ್ರಯಪತ್ರ ಬಿಡಿಸಿ ನೋಡಿ. ಷೆಡ್ಯೂಲಿನ ಕೊನೆಯಲ್ಲಿ 'ಮಾಮೂಲು ದಾರಿ, ನೀರಿನ ಹಕ್ಕು ಸಹಿತ' ಎಂಬ ಸಾಲು ಹೆಚ್ಚಾಗಿ ಇರುತ್ತದೆ. ಆ ದಾರಿ ಎಲ್ಲಿಂದ ಹೊರಡುತ್ತದೆ, ಯಾರ ಸರ್ವೆ ನಂಬರಿನಲ್ಲಿ ಹಾದುಹೋಗುತ್ತದೆ, ಎಷ್ಟು ಅಗಲ ಎಂಬುದು ಇರುವುದಿಲ್ಲ. ಬರೆಸಿದವರಿಗೆ ಅದರ ಅಗತ್ಯ ಕಂಡಿರಲಿಲ್ಲ. ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆ ನಡೆದು, ತೋಡಿನ ಸಂಕ (ಕಾಲುಸೇತುವೆ) ದಾಟಿ, ತಡಮೆ (ದನ ನುಗ್ಗದಂತೆ ಬೇಲಿಗೆ ಇಟ್ಟ ಮೆಟ್ಟಿಲು) ಹತ್ತಿಳಿದು, ಎರಡು ತೋಟಗಳ ನಡುವಿನ ಓಣಿಯಲ್ಲಿ ಮಾರ್ಗಕ್ಕೆ ಬರುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಈಗ ಗದ್ದೆ ಸೈಟಾಗಿದೆ. ತೋಟದವರ ಮಕ್ಕಳು ಊರಲ್ಲಿಲ್ಲ. ಜಾಗ ಕೊಂಡವರಿಗೆ ದಾರಿಯ ಹಿಂದುಮುಂದು ಗೊತ್ತಿಲ್ಲ. ಯಾವುದೋ ಒಂದು ಬೇಸಗೆಯಲ್ಲಿ ಕೆಂಪುಕಲ್ಲಿನ ಪಾಗಾರ ಏಳುತ್ತದೆ. ಹಿಂದಿನ ನಾಲ್ಕು ಮನೆಯವರು ಶಾಲೆಗೆ, ಹಾಲಿನ ಡೈರಿಗೆ, ಬಸ್ಸಿಗೆ ಹೋಗಲು ಅರ್ಧ ಮೈಲಿ ಸುತ್ತಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯ ಪ್ರಕಾರ ಸ್ಥಳೀಯ ಆಡಳಿತಗಳು ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಿಡಬೇಕು. ದಾರಿ ಆ ನಕ್ಷೆಯಲ್ಲಿದ್ದರೆ ಅದು ಸಾರ್ವಜನಿಕ ದಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮಲ್ಲಿ ಅಂಥ ನಕ್ಷೆ ಇಲ್ಲ. ದಾರಿಯ ಸುದ್ದಿ ಮೂರು ನಾಲ್ಕು ಇಲಾಖೆಗಳ ಕಡತಗಳಲ್ಲಿ ಚೂರುಚೂರಾಗಿ, ಉಳಿದದ್ದು ಹಿರಿಯರ ನೆನಪಿನಲ್ಲಿ ಇದೆ. ಅದಕ್ಕೇ ಜಗಳ ಶುರುವಾಗುವ ಮುಂಚೆಯೇ ಎರಡು ಕೆಲಸ ಆಗಬೇಕು. ದಾರಿ ಯಾವ ಜಾತಿಯದ್ದು ಎಂದು ಗೊತ್ತು ಮಾಡಿಕೊಳ್ಳಬೇಕು, ಅದನ್ನು ಕಾಗದಕ್ಕೆ ಇಳಿಸಬೇಕು. ಸೋತ ಹೆಚ್ಚಿನ ದಾವೆಗಳಲ್ಲಿ ದಾರಿ ನಿಜವಾಗಿಯೂ ಇರುತ್ತದೆ. ಕೇಳಿದ ಹಕ್ಕಿನ ಜಾತಿ ತಪ್ಪಿರುತ್ತದೆ.

ಯಾರ ಜಾಗದಲ್ಲಿ ನಡೆಯುತ್ತಿದ್ದೀರಿ

ಮೊದಲು ಗ್ರಾಮ ನಕ್ಷೆ ತೆಗೆಸಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಹಲವು ಗ್ರಾಮಗಳ ನಕ್ಷೆ ಸಿಗುತ್ತದೆ. ಓದಲು ಬಾರದಂತಿದ್ದರೆ ಭೂದಾಖಲೆಗಳ ಕಚೇರಿಯಿಂದ ನಕಲು ಕೇಳಿ. ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆ ಗೆರೆಗಳಲ್ಲಿ ತೋರಿಸಿರುತ್ತಾರೆ, ಗುರುತುಗಳ ವಿವರ ನಕ್ಷೆಯ ಅಂಚಿನಲ್ಲಿರುತ್ತದೆ. ಆಮೇಲೆ ದಾರಿ ಹಾದುಹೋಗುವ ಪ್ರತಿ ಸರ್ವೆ ನಂಬರಿನ ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್, ಸರ್ವೆಯ ಅಳತೆ ಪುಸ್ತಕ) ನಕ್ಷೆ ತೆಗೆಸಿ. ನಮ್ಮ ಜಿಲ್ಲೆಗಳು ಮದ್ರಾಸು ಪ್ರಾಂತ್ಯದಲ್ಲಿದ್ದವು. ಹಳೆಯ ಎಫ್‌ಎಂಬಿಯ ಅಳತೆ ಲಿಂಕಿನಲ್ಲಿರುತ್ತದೆ, ಅಡಿಯಲ್ಲಿ ಅಲ್ಲ. ಒಂದು ಲಿಂಕ್ ಎಂದರೆ 7.92 ಇಂಚು, ನೂರು ಲಿಂಕಿಗೆ ಒಂದು ಸರಪಳಿ, ಅಂದರೆ 66 ಅಡಿ. ನಕ್ಷೆಯಲ್ಲಿ 15 ಎಂದು ಬರೆದ ದಾರಿ 15 ಅಡಿಯದ್ದಲ್ಲ, ಹತ್ತಿರಹತ್ತಿರ 9.9 ಅಡಿಯದ್ದು. ಇದು ಗೊತ್ತಿಲ್ಲದೆ 'ನಕ್ಷೆಯಲ್ಲಿ 15 ಅಡಿ ಇದೆ' ಎಂದು ಅರ್ಜಿ ಕೊಟ್ಟರೆ ಅಳತೆಯ ದಿನ ಉಳಿದ ಮಾತಿಗೂ ಬೆಲೆ ಇಲ್ಲವಾಗುತ್ತದೆ.

ಪಹಣಿಯಲ್ಲಿ ಮೂರನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬು (ಎ)', 'ಫೂಟ್ ಖರಾಬು (ಬಿ)' ಎಂದು ಎರಡು ಸಾಲುಗಳಿವೆ. ಎ ಎಂದರೆ ಬೇಸಾಯಕ್ಕೆ ಬಾರದ ಜಾಗ: ಪಾರೆ, ಹಳ್ಳ, ಅಂಥದ್ದು. ಬಿ ಎಂದರೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು. 1966ರ ಭೂಕಂದಾಯ ನಿಯಮಗಳ 21ನೇ ನಿಯಮದ ಪ್ರಕಾರ ರಸ್ತೆ, ಅಂಗೀಕೃತ ಕಾಲುದಾರಿ, ಬೇರೆಯವರೂ ಬಳಸುವ ಕೆರೆ ತೋಡು, ಸ್ಮಶಾನ ಇದರಲ್ಲಿ ಸೇರುತ್ತವೆ. ಬಿ ಸಾಲಿನಲ್ಲಿ ನಾಲ್ಕು ಸೆಂಟ್ಸ್ ಕಂಡರೂ ಅದು ಎಲ್ಲಿದೆ ಎಂದು ಎಫ್‌ಎಂಬಿಯಲ್ಲಿ ಹುಡುಕಿ. ದಾರಿಯೇ ಆಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಪಹಣಿದಾರರ ಹೆಸರಿನ ಸರ್ವೆ ನಂಬರಿನೊಳಗೇ ಇದ್ದರೂ ಆ ಭಾಗವನ್ನು ಅವರು ಮುಚ್ಚುವಂತಿಲ್ಲ.

ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಯಾವ ಯಾವ ನಂಬರಿನ ದಾಖಲೆ ತೆಗೆಸಬೇಕು ಎಂದು ಪಟ್ಟಿ ಮಾಡಲು ಅದು ಬಹಳ ಒಳ್ಳೆಯದು. ಗಡಿ ತೀರ್ಮಾನಕ್ಕೆ ಮಾತ್ರ ಬೇಡ. ಮೊಬೈಲಿನ ಜಿಪಿಎಸ್, ಅದೂ ಅಡಿಕೆ ತೆಂಗಿನ ನೆರಳಿನಡಿ, ಹಲವು ಮೀಟರ್ ಆಚೀಚೆ ಹೇಳುತ್ತದೆ. ಮೂರು ಅಡಿ ದಾರಿಯ ಜಗಳವನ್ನು ಅದರಿಂದ ಬಗೆಹರಿಸಲಾಗದು. ಗಡಿ ನಿಜಕ್ಕೂ ಬೇಕಾದರೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವ ಸರ್ವೆಗೆ) ಅರ್ಜಿ ಹಾಕಿ, ಸರ್ವೆಯರು ಬಂದ ದಿನ ಪಕ್ಕದ ಹಿಡುವಳಿದಾರರಿಗೆ ನೋಟಿಸು ತಲುಪಿದೆಯೇ ಎಂದು ನೋಡಿಕೊಳ್ಳಿ. ನೋಟಿಸು ಮುಟ್ಟದ ಅಳತೆಯನ್ನು ಎದುರಿನವರು ಸುಲಭವಾಗಿ ತಳ್ಳಿಹಾಕಿಸುತ್ತಾರೆ.

ಇನ್ನು ಕುಮ್ಕಿ. ಹಳೆಯ ವರ್ಗ ಜಾಗದ (ಖಾಸಗಿ ಪಟ್ಟೆ ಜಮೀನಿನ) ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಜಾಗದಲ್ಲಿ ವರ್ಗದಾರರಿಗೆ ಸೊಪ್ಪು, ಸೌದೆ, ಮೇವಿನ ಸವಲತ್ತು ಇದೆ. ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಮುಂದುವರಿಸಿದೆ. ಅದು ಸವಲತ್ತೇ ಹೊರತು ಒಡೆತನ ಅಲ್ಲ. ಕುಮ್ಕಿಯೊಳಗಿನ ಊರ ದಾರಿಗೆ ಬೇಲಿ ಹಾಕಿ 'ಇದು ನಮ್ಮದು' ಎಂದರೆ ತಹಶೀಲ್ದಾರರಿಗೆ ದೂರು ಕೊಡಬಹುದು. ಆದರೆ ದೊಡ್ಡ ಅಪಾಯ ಇರುವುದು ಬೇಲಿಯಲ್ಲಿ ಅಲ್ಲ, ಮಂಜೂರಾತಿಯಲ್ಲಿ. ನಮೂನೆ 50, 53, 57ರ ಅಕ್ರಮ ಸಕ್ರಮ ಅರ್ಜಿಯಲ್ಲಿ ಆ ಜಾಗ ಮಂಜೂರಾದರೆ, ನಕ್ಷೆಯಲ್ಲಿ ದಾರಿ ಕಾದಿರಿಸದೇ ಇದ್ದರೆ, ನಿನ್ನೆಯವರೆಗೆ ಸರಕಾರಿ ಗುಡ್ಡೆಯಲ್ಲಿದ್ದ ದಾರಿ ಇವತ್ತು ಖಾಸಗಿ ಪಟ್ಟೆಯೊಳಗೆ ಬೀಳುತ್ತದೆ. ಆದ್ದರಿಂದ ನೆರೆಯ ಅರ್ಜಿಯ ಸ್ಥಳ ಮಹಜರು ನಡೆಯುವಾಗಲೇ, ದಾರಿಯ ಕೈನಕ್ಷೆ ಲಗತ್ತಿಸಿ 'ಇಷ್ಟು ಅಗಲದ ದಾರಿ ಬಿಟ್ಟು ಮಂಜೂರು ಮಾಡಬೇಕು' ಎಂದು ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪುಟದ ಈ ಕಾಗದ ಮುಂದಿನ ಹತ್ತು ವರ್ಷದ ಓಡಾಟ ಉಳಿಸುತ್ತದೆ.

ಖಾಸಗಿ ಜಾಗದ ದಾರಿ: ನಾಲ್ಕು ಜಾತಿ

ಇಲ್ಲಿಂದ ಮುಂದಿನದ್ದಕ್ಕೆ ಆಧಾರ 1882ರ ಈಸ್‌ಮೆಂಟ್ ಕಾಯ್ದೆ. ಈಸ್‌ಮೆಂಟ್ ಎಂದರೆ ಬೇರೆಯವರ ಜಾಗದ ಮೇಲೆ ನಮ್ಮ ಜಾಗಕ್ಕಿರುವ ದಾರಿ, ನೀರಿನಂಥ ಹಕ್ಕು. ಬರೆದು ಕೊಟ್ಟ ದಾರಿ ಎಲ್ಲಕ್ಕಿಂತ ಗಟ್ಟಿ. ವಿಭಾಗಪತ್ರ, ಕ್ರಯಪತ್ರದಲ್ಲಿ ನಿರ್ದಿಷ್ಟವಾಗಿ ಕೊಟ್ಟಿದ್ದರೆ, ಆಮೇಲೆ ನಿಮಗೆ ಬೇರೆ ದಾರಿ ಆದರೂ ಅದು ಹೋಗುವುದಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ರೂಢಿಯ ಹಕ್ಕು 18ನೇ ಕಲಮಿನದ್ದು. ಭಂಡಾರದ ಮನೆಯಿಂದ ಕೋಲದ ಗದ್ದೆಗೆ ದೈವದ ಭಂಡಾರ ಹೋಗುವ ದಾರಿ, ನಾಗಬನಕ್ಕೆ ಹೋಗುವ ದಾರಿ, ಕಡಲಿಗೆ ಬಲೆ ಹೊರುವ ದಾರಿ, ಇಂಥವುಗಳಿಗೆ ಊರಿನ ರೂಢಿಯ ಮಾತು ಹೊಂದುತ್ತದೆ. ರೂಢಿ ಹಳೆಯದ್ದು, ಖಚಿತವಾದದ್ದು, ಸಕಾರಣವಾದದ್ದು ಎಂದು ಊರಿನ ಸಾಕ್ಷಿಯಿಂದಲೇ ತೋರಿಸಬೇಕು.

ಅಗತ್ಯದ ದಾರಿಯನ್ನು ಜನ ಬಹಳ ತಪ್ಪಾಗಿ ತಿಳಿದಿದ್ದಾರೆ. 'ನಮ್ಮ ಜಾಗಕ್ಕೆ ದಾರಿ ಇಲ್ಲ, ಆದ್ದರಿಂದ ಮುಂದಿನವರು ಕೊಡಲೇಬೇಕು' ಎಂಬ ನಿಯಮ ಇಲ್ಲ. 13ನೇ ಕಲಂ ಅನ್ವಯಿಸುವುದು ಎರಡು ಜಾಗ ಹಿಂದೆ ಒಂದೇ ಒಡೆತನದಲ್ಲಿದ್ದು, ಮಾರಾಟ ಅಥವಾ ಪಾಲಿನಿಂದ ಬೇರೆಯಾದಾಗ. ಅದೂ ಬೇರೆ ಯಾವ ದಾರಿಯೂ ಇಲ್ಲದಿದ್ದರೆ ಮಾತ್ರ. ಸುತ್ತಿನ, ಕಿರಿದಾದ, ಮಳೆಗಾಲದಲ್ಲಿ ಕೆಸರಾಗುವ ದಾರಿ ಒಂದು ಇದ್ದರೂ ಈ ವಾದ ನಿಲ್ಲುವುದಿಲ್ಲ. ದಾರಿ ಯಾವ ಕಡೆಯಿಂದ ಎಂದು ತೋರಿಸುವ ಹಕ್ಕು ಮುಂದಿನ ಜಾಗದವರದ್ದು, ಅದು ತಕ್ಕಮಟ್ಟಿಗೆ ಅನುಕೂಲವಾಗಿದ್ದರೆ ಸಾಕು. ಹೊಸ ರಸ್ತೆ ಬಂದು ಅಗತ್ಯ ತೀರಿದ ದಿನ 41ನೇ ಕಲಮಿನಂತೆ ಹಕ್ಕೂ ತೀರುತ್ತದೆ. ಕೂಡುಕುಟುಂಬದ ಪಾಲಿನಲ್ಲಿ ಹಿಂದಿನ ಪಾಲಿಗೆ ದಾರಿ ಬರೆಯಲು ಮರೆತ ಪ್ರಕರಣಗಳಿಗೆ ಈ ಕಲಂ ಸರಿಯಾಗಿ ಹೊಂದುತ್ತದೆ.

ಉಳಿದದ್ದು 15ನೇ ಕಲಮಿನ ಇಪ್ಪತ್ತು ವರ್ಷದ ಬಳಕೆ. ಇದರಲ್ಲಿ ನಾಲ್ಕು ಮಾತು ಒಟ್ಟಿಗೆ ಇರಬೇಕು. ಶಾಂತಿಯಿಂದ ನಡೆದಿರಬೇಕು, ಬಹಿರಂಗವಾಗಿ ನಡೆದಿರಬೇಕು, ಹಕ್ಕೆಂದು ನಡೆದಿರಬೇಕು, ತಡೆಯಿಲ್ಲದೆ ನಡೆದಿರಬೇಕು. ಜಾಗ ಸರಕಾರದ್ದಾದರೆ ಇಪ್ಪತ್ತರ ಬದಲು ಮೂವತ್ತು ವರ್ಷ. ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಅಲ್ಲ, ದಾವೆಯಿಂದ ಹಿಂದಕ್ಕೆ ಹಾಕಬೇಕು: ಆ ಇಪ್ಪತ್ತು ವರ್ಷ ದಾವೆ ಹೂಡುವ ದಿನಕ್ಕಿಂತ ಹಿಂದಿನ ಎರಡು ವರ್ಷಗಳ ಒಳಗೆ ಮುಗಿದಿರಬೇಕು. ಅಜ್ಜನ ಕಾಲದಲ್ಲಿ ಐವತ್ತು ವರ್ಷ ನಡೆದು, ದಾರಿ ಮುಚ್ಚಿ ಮೂರು ವರ್ಷ ಕಳೆದು ಕೋರ್ಟಿಗೆ ಹೋದರೆ ಆ ಐವತ್ತು ವರ್ಷ ಈ ಕಲಮಿನಡಿ ಉಪಯೋಗಕ್ಕೆ ಬರುವುದಿಲ್ಲ.

'ಹಕ್ಕೆಂದು' ಎಂಬಲ್ಲಿಯೇ ಹೆಚ್ಚಿನವರು ಎಡವುವುದು. ಸಾಕ್ಷಿ ಕಟ್ಟೆಯಲ್ಲಿ 'ಅವರ ಅಪ್ಪ ಒಳ್ಳೆಯವರು, ಹೋಗಲು ಬಿಡುತ್ತಿದ್ದರು' ಎಂದು ಪ್ರಾಮಾಣಿಕವಾಗಿ ಹೇಳಿದ ಒಂದೇ ಮಾತು ಸಾಕು. ಬಿಟ್ಟದ್ದು ಎಂದರೆ ಅನುಮತಿ. ಅನುಮತಿಯಿಂದ ನಡೆದದ್ದು ನೂರು ವರ್ಷವಾದರೂ ಹಕ್ಕಾಗುವುದಿಲ್ಲ, ಸಾಮಾನ್ಯವಾಗಿ ಅದನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಜಾಗದವರು ಜಾಣರಾದರೆ 'ಒಂದು ಕಾಗದ ಮಾಡಿಕೊಳ್ಳೋಣ, ನೀವು ನಡೆಯಲು ನಮ್ಮ ಅಡ್ಡಿ ಇಲ್ಲ' ಎಂದು ಸಹಿ ಕೇಳುತ್ತಾರೆ. ನೋಡಲು ಅದು ಉಪಕಾರ. ಅದರೊಳಗೆ ನಿಮ್ಮ ಹಕ್ಕಿನ ಮಾತು ಇಲ್ಲ. ಸಹಿ ಹಾಕುವ ಮೊದಲು ಆ ಕಾಗದದಲ್ಲಿ 'ಅನುಮತಿ' ಇದೆಯೇ 'ಹಕ್ಕು' ಇದೆಯೇ ಎಂದು ಓದಿ.

ಇಲ್ಲಿಗೇ ವಿಶೇಷವಾದ ತೊಡಕೊಂದಿದೆ. ಭೂಸುಧಾರಣೆಯ ಮೊದಲು ಒಂದೇ ಧಣಿಯ ಜಾಗದಲ್ಲಿ ಹತ್ತಾರು ಒಕ್ಕಲುಗಳಿದ್ದವು. ಗೇಣಿ ಜಮೀನುಗಳು 1974ರ ಮಾರ್ಚ್ 1ಕ್ಕೆ ಸರಕಾರಕ್ಕೆ ಸೇರಿ, ಆಮೇಲೆ ಭೂನ್ಯಾಯ ಮಂಡಳಿಯ ಆದೇಶದಿಂದ ಒಕ್ಕಲುಗಳ ಹೆಸರಿಗೆ ಬಂದವು. ಎರಡೂ ಜಾಗ ಒಬ್ಬನೇ ಧಣಿಯದ್ದಾಗಿದ್ದ ಕಾಲದ ನಡಿಗೆಯನ್ನು ಬೇರೆಯವರ ಜಾಗದ ಮೇಲಿನ ಹಕ್ಕು ಎಂದು ಎಣಿಸುವುದು ಕಷ್ಟ. ಆದ್ದರಿಂದ 'ಅನಾದಿ ಕಾಲದಿಂದ' ಎಂದು ದಾವೆಯಲ್ಲಿ ಬರೆದು ಸುಮ್ಮನಾಗಬೇಡಿ. ಮಂಡಳಿಯ ಆದೇಶದ ತಾರೀಕು ಹಿಡಿದು, ಅಲ್ಲಿಂದ ಈಚೆಗಿನ ಬಳಕೆಯನ್ನು ಬೇರೆಯಾಗಿ ಬರೆಯಿರಿ. ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಯಾವಾಗಿನಿಂದ ಬಳಕೆ ಎಂದು ಖಚಿತವಾಗಿ ಬರೆದು ಸಾಬೀತು ಮಾಡಬೇಕು. ಅಗತ್ಯದ ದಾರಿ ಮತ್ತು ಇಪ್ಪತ್ತು ವರ್ಷದ ದಾರಿ ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿ ಬರೆಯುವ ಅಭ್ಯಾಸವೂ ಒಳ್ಳೆಯದಲ್ಲ. ಒಂದಕ್ಕೆ ಬೇಕಾದ ಸಂಗತಿಗಳು ಬೇರೆ, ಇನ್ನೊಂದಕ್ಕೆ ಬೇರೆ.

ಮತ್ತೊಂದು ಕಹಿ ಸಂಗತಿ. 28ನೇ ಕಲಮಿನ ಪ್ರಕಾರ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆ ಸೇರುವುದಿಲ್ಲ. ಇಪ್ಪತ್ತು ವರ್ಷ ನಡೆದದ್ದರಿಂದ ಸಿಗುವುದು ಕಾಲುದಾರಿ. ಅದರ ಮೇಲೆ ರಿಕ್ಷಾ ಬರಬೇಕು, ಕಾರು ಬರಬೇಕು ಎಂದು ಕೇಳಿದರೆ ಇರುವ ಮೂರಡಿಯ ಹಕ್ಕನ್ನೂ ಅನುಮಾನಕ್ಕೆ ಒಡ್ಡಿದಂತೆ. ಕಾರುದಾರಿ ಬೇಕಾದರೆ ಮಾತಾಡಿ ಕೊಂಡುಕೊಳ್ಳಬೇಕು. ಅದರ ಲೆಕ್ಕ ಕೆಳಗಿದೆ.

ಇವತ್ತೇ ಮಾಡಬಹುದಾದ ದಾಖಲೆ

ದಾರಿ ತೆರೆದಿರುವಾಗಲೇ ಟೇಪು ಹಿಡಿದು ನಡೆಯಿರಿ. ಮಾರ್ಗದ ಬದಿಯ ಒಂದು ಗಟ್ಟಿ ಗುರುತಿನಿಂದ, ಅಂದರೆ ಮೋರಿ, ಸರ್ವೆಕಲ್ಲು, ಕರೆಂಟು ಕಂಬ, ಶುರು ಮಾಡಿ ಪ್ರತಿ ನೂರು ಅಡಿಗೆ ಅಗಲ ಅಳೆದು ಬರೆಯಿರಿ. ಎಲ್ಲಿ ಅತಿ ಕಿರಿದು, ಎಲ್ಲಿ ತಿರುವು, ಎಲ್ಲಿ ತಡಮೆ, ಎಲ್ಲಿ ಸಂಕ ಎಂದು ಕೈನಕ್ಷೆಯಲ್ಲಿ ಗುರುತಿಸಿ, ಎಡಬಲದ ಸರ್ವೆ ನಂಬರ್ ಹಾಕಿ. ಫೋಟೋ ತೆಗೆಯುವಾಗ ನೆಲದ ಸವೆತ ಕಾಣಬೇಕು: ಕೆಂಪುಕಲ್ಲಿನ ಮೆಟ್ಟಿಲಿನ ನಡುವೆ ಬಿದ್ದ ತಗ್ಗು, ತಡಮೆಯ ಕಲ್ಲಿನ ನುಣುಪು, ಎರಡೂ ಬದಿಯ ಹಳೆಯ ಮಣ್ಣಿನ ಅಗಳು, ದಾರಿ ಬಿಟ್ಟು ಸಾಲಾಗಿ ನೆಟ್ಟ ತೆಂಗು. ಸ್ಥಳ ನೋಡಿ ವರದಿ ಕೊಡಲು ಕೋರ್ಟಿನಿಂದ ಕಮಿಷನರು ಬಂದಾಗ ನೋಡುವುದೂ ಇವನ್ನೇ. ಜುಲೈಯಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ತೆಗೆಯಿರಿ. ಮಳೆಗಾಲದಲ್ಲಿ ಹುಲ್ಲು ಮುಚ್ಚಿದ ಫೋಟೋ ಒಂದೇ ಇದ್ದರೆ 'ಇಲ್ಲಿ ಯಾರೂ ನಡೆಯುವುದಿಲ್ಲ' ಎಂದು ಹೇಳಲು ಎದುರಿನವರಿಗೆ ನೀವೇ ಸಾಕ್ಷಿ ಕೊಟ್ಟ ಹಾಗೆ.

ಉಪಗ್ರಹ ಚಿತ್ರಗಳ ಹಳೆಯ ವರ್ಷಗಳನ್ನು ನೋಡುವ ಸೌಲಭ್ಯ ಗೂಗಲ್ ಅರ್ತ್‌ನಲ್ಲಿದೆ. ಬೈಲು ಗದ್ದೆಯಲ್ಲಿ ಸವೆದ ಕಟ್ಟಪುಣಿ ಬಿಳಿ ಗೆರೆಯಾಗಿ ಚೆನ್ನಾಗಿ ಕಾಣುತ್ತದೆ. ತೋಟದೊಳಗಿನ ದಾರಿ ಕಾಣುವುದಿಲ್ಲ. ಅಲ್ಲಿಗೆ ಬೇರೆ ಕಾಗದ ಬೇಕು. ಪಂಚಾಯತ್ ಆ ದಾರಿಗೆ ಎಂದಾದರೂ ಕಾಂಕ್ರೀಟು ಹಾಕಿದ್ದರೆ, ಸಂಕ ಕಟ್ಟಿದ್ದರೆ, ಬೀದಿದೀಪ ಹಾಕಿದ್ದರೆ ಅದರ ಕ್ರಿಯಾಯೋಜನೆ, ಅಂದಾಜುಪಟ್ಟಿ, ಅಳತೆ ಪುಸ್ತಕದ ಪುಟ, ಜಾಗದವರ ಒಪ್ಪಿಗೆ ಪತ್ರ ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ನಮೂನೆ ಎ, ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. ಸಾರ್ವಜನಿಕ ಹಣ ಬಿದ್ದ ಮಾತ್ರಕ್ಕೆ ಖಾಸಗಿ ದಾರಿ ಸಾರ್ವಜನಿಕ ಆಗಿಬಿಡುವುದಿಲ್ಲ. ಆದರೆ ಜಾಗದವರೇ ಸಹಿ ಹಾಕಿದ ಒಪ್ಪಿಗೆ ಪತ್ರ ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಡ.

ಹಿರಿಯರ ಮಾತು ಬರೆಸುವಾಗ 'ಮೊದಲಿನಿಂದ ಇತ್ತು' ಎಂಬುದಕ್ಕೆ ತೂಕ ಇಲ್ಲ. ಎಷ್ಟನೇ ಇಸವಿಯಲ್ಲಿ ಶಾಲೆಗೆ ಈ ದಾರಿಯಲ್ಲಿ ಹೋದರು, ಯಾರ ಮದುವೆಯ ದಿಬ್ಬಣ ಇದರಲ್ಲಿ ಬಂತು, ಯಾರ ಹೆಣ ಇದರಲ್ಲಿ ಹೊತ್ತರು ಎಂದು ಕೇಳಿ ಬರೆಸಿ. ಇಪ್ಪತ್ತು ವರ್ಷ ಟಪಾಲು ತಂದವರು, ಮೀಟರ್ ಓದಿದವರು, ಆಶಾ ಕಾರ್ಯಕರ್ತೆಯರು ಒಳ್ಳೆಯ ಸಾಕ್ಷಿಗಳು. ಅವರಿಗೆ ಎರಡೂ ಕಡೆಯ ಹಂಗಿಲ್ಲ.

ಮುಚ್ಚುವ ಕೆಲಸ ಶುರುವಾದರೆ

ಅಡಿಪಾಯದ ಗುಂಡಿ ತೆಗೆಯುವ ದಿನವೇ ಎಚ್ಚರಾಗಬೇಕು. ಕೋರ್ಟಿನ ತಾತ್ಕಾಲಿಕ ತಡೆಯಾಜ್ಞೆ ಇರುವ ಸ್ಥಿತಿಯನ್ನು ಕಾಪಾಡಲು ಸಿಗುವಷ್ಟು ಸುಲಭವಾಗಿ, ಎದ್ದ ಗೋಡೆ ಒಡೆಸಲು ಸಿಗುವುದಿಲ್ಲ. ಫೋಟೋ, ವೀಡಿಯೋ ತೆಗೆದು, ರಿಜಿಸ್ಟರ್ ಅಂಚೆಯಲ್ಲಿ ಲಿಖಿತ ಆಕ್ಷೇಪ ಕಳಿಸಿ. ಈ ಆಕ್ಷೇಪಕ್ಕೆ ಕಾನೂನಿನಲ್ಲಿ ಬೆಲೆ ಇದೆ: ಅಡ್ಡಿ ಗೊತ್ತಾದ ಮೇಲೆ ಒಂದು ವರ್ಷ ಸುಮ್ಮನಿದ್ದು ಒಪ್ಪಿಕೊಂಡರೆ ಮಾತ್ರ ಅದು ಬಳಕೆಯ 'ತಡೆ' ಎನಿಸುತ್ತದೆ. ಬರೆದು ವಿರೋಧಿಸಿದವರು ಒಪ್ಪಿಕೊಂಡವರಲ್ಲ.

ಗೋಡೆಯನ್ನು ನೀವು ಒಡೆಯಬೇಡಿ. ಎಷ್ಟೇ ಸಿಟ್ಟು ಬಂದರೂ, ಊರು ಒಟ್ಟಾಗಿದ್ದರೂ ಬೇಡ. 36ನೇ ಕಲಂ ಇದನ್ನು ನೇರವಾಗಿ ನಿಷೇಧಿಸುತ್ತದೆ, ಅಡ್ಡಿ ಅನ್ಯಾಯದ್ದೇ ಆಗಿದ್ದರೂ ಹಕ್ಕುದಾರರೇ ಅದನ್ನು ಕಿತ್ತೆಸೆಯುವಂತಿಲ್ಲ. ಒಡೆದ ದಿನದಿಂದ ದಾರಿಯ ಕೇಸು ಹಿಂದೆ ಬಿದ್ದು, ನಿಮ್ಮ ಮೇಲಿನ ಕ್ರಿಮಿನಲ್ ಕೇಸು ಮುಂದೆ ಬರುತ್ತದೆ.

ಎಲ್ಲಿಗೆ ಹೋಗಬೇಕು ಎಂಬುದು ದಾರಿಯ ಜಾತಿಯ ಮೇಲೆ. ಸಾರ್ವಜನಿಕ ದಾರಿಯಾದರೆ ಪಂಚಾಯತ್ ಅಥವಾ ನಗರಾಡಳಿತಕ್ಕೆ ಒತ್ತುವರಿ ತೆರವಿನ ಅರ್ಜಿ, ಜೊತೆಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ದಂಡಾಧಿಕಾರಿಗಳಿಗೆ. ಹಳೆಯ ಸಿಆರ್‌ಪಿಸಿಯ 133 ಎಂದರೆ ವಕೀಲರಿಗೆ ತಕ್ಷಣ ಗೊತ್ತಾಗುತ್ತದೆ. ಉಪವಿಭಾಗದ ಸಹಾಯಕ ಆಯುಕ್ತರು ದಕ್ಷಿಣ ಕನ್ನಡದಲ್ಲಿ ಮಂಗಳೂರು, ಪುತ್ತೂರಿನಲ್ಲೂ ಉಡುಪಿ ಜಿಲ್ಲೆಯಲ್ಲಿ ಕುಂದಾಪುರದಲ್ಲೂ ಇದ್ದಾರೆ. ಎದುರಿನವರು 'ಇದು ಸಾರ್ವಜನಿಕ ದಾರಿಯೇ ಅಲ್ಲ' ಎಂದು ನಂಬುವಂಥ ಆಧಾರ ಕೊಟ್ಟರೆ ಅಲ್ಲಿಯ ವಿಚಾರಣೆ ಸಿವಿಲ್ ಕೋರ್ಟಿನ ತೀರ್ಮಾನದವರೆಗೆ ನಿಲ್ಲುತ್ತದೆ. ನಾಲ್ಕು ಮನೆಗಷ್ಟೇ ಹೋಗುವ ಖಾಸಗಿ ದಾರಿಗೆ ಈ ಕಲಂ ಹಾಕಿ ತಿಂಗಳುಗಟ್ಟಲೆ ಕಳೆಯುವುದು ಸಾಮಾನ್ಯವಾದ ತಪ್ಪು.

ಖಾಸಗಿ ದಾರಿಗೆ, ಶಾಂತಿಭಂಗವಾಗುವ ಸ್ಥಿತಿ ಇದ್ದರೆ, ಅದೇ ಸಂಹಿತೆಯ 166ನೇ ಕಲಂ, ಹಳೆಯ 147. ಇದರಲ್ಲಿ ಒಂದು ಗಡುವು ಅಡಗಿದೆ. ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ ಮೂರು ತಿಂಗಳೊಳಗೆ ಬಳಸಿರಬೇಕು. ಕಾಲಕಾಲಕ್ಕೆ ಮಾತ್ರ ಬಳಸುವುದಾದರೆ ಕಳೆದ ಸಲದ ಕಾಲದಲ್ಲಿ ಬಳಸಿರಬೇಕು. ಏಣೆಲು ಬೆಳೆಗೆ ಟಿಲ್ಲರ್ ಇಳಿಸುವ ದಾರಿ, ವರ್ಷಕ್ಕೊಮ್ಮೆ ಭಂಡಾರ ಬರುವ ದಾರಿ ಈ ಎರಡನೇ ಬಗೆ. ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯದಿದ್ದರೆ ಮೂರು ತಿಂಗಳ ಅಳತೆಗೋಲಿನಲ್ಲಿ ಅರ್ಜಿ ಬಿದ್ದುಹೋಗುತ್ತದೆ. ಬೇಸಾಯದ ಜಮೀನಿನ ದಾರಿಗಳನ್ನು ತಹಶೀಲ್ದಾರರು ತೆರವು ಮಾಡಿಸಿಕೊಡಬೇಕು ಎಂದು ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಅರ್ಜಿಯೊಂದಿಗೆ ಅದರ ಪ್ರತಿ ಇರಲಿ.

ಹಕ್ಕು ಶಾಶ್ವತವಾಗಿ ತೀರ್ಮಾನ ಆಗುವುದು ಸಿವಿಲ್ ಕೋರ್ಟಿನಲ್ಲಿಯೇ. ಘೋಷಣೆ, ಶಾಶ್ವತ ನಿರ್ಬಂಧಕಾಜ್ಞೆ, ಗೋಡೆ ಎದ್ದಿದ್ದರೆ ತೆರವಿನ ಆದೇಶ, ಮೂರನ್ನೂ ಒಂದೇ ದಾವೆಯಲ್ಲಿ ಕೇಳಬೇಕು. ದಾರಿಯನ್ನು ಪ್ರತ್ಯೇಕ ಷೆಡ್ಯೂಲಾಗಿ ಉದ್ದ, ಅಗಲ, ಚಕ್ಕುಬಂದಿ, ಸರ್ವೆ ನಂಬರಿನೊಂದಿಗೆ ಕೊಟ್ಟು ನಕ್ಷೆ ಲಗತ್ತಿಸಬೇಕು. ಮೊದಲ ವಾರದಲ್ಲೇ ಕಮಿಷನರ ನೇಮಕಕ್ಕೆ ಅರ್ಜಿ ಹಾಕಿ. ಜೆಸಿಬಿ ಒಂದು ರಾತ್ರಿ ಓಡಾಡಿದರೆ ಸವೆದ ಮೆಟ್ಟಿಲೂ ಇಲ್ಲ, ತಡಮೆಯೂ ಇಲ್ಲ. ಸರಕಾರವೂ ಪ್ರತಿವಾದಿಯಾದರೆ ಎರಡು ತಿಂಗಳ ನೋಟಿಸು ಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೂ ಹೂಡಬಹುದು.

ಮಾತುಕತೆ, ಅಗಲ, ಮೂಲೆ

ಕೋರ್ಟಿಗೆ ಹೋಗುವ ಮೊದಲು ಕೂತು ಲೆಕ್ಕ ಹಾಕುವುದು ಒಳ್ಳೆಯದು. ಒಂದು ಸೆಂಟ್ಸ್ ಎಂದರೆ 435.6 ಚದರಡಿ. ಮೂರಡಿ ಅಗಲದ 150 ಅಡಿ ದಾರಿ ತಿನ್ನುವುದು ಹೆಚ್ಚುಕಡಿಮೆ ಒಂದು ಸೆಂಟ್ಸ್. ಅದನ್ನೇ ಹತ್ತಡಿ ಮಾಡಿದರೆ ಸುಮಾರು ಮೂರೂವರೆ ಸೆಂಟ್ಸ್. ಹಿಂದಿನ ನಾಲ್ಕು ಮನೆಯವರು ಹಂಚಿಕೊಂಡರೆ ಹೆಚ್ಚುವರಿ ಎರಡೂವರೆ ಸೆಂಟ್ಸಿನ ಕ್ರಯ ಅನೇಕ ಕಡೆ ವರ್ಷಗಟ್ಟಲೆ ವ್ಯಾಜ್ಯ ನಡೆಸುವ ಖರ್ಚಿಗಿಂತ ಕಡಿಮೆ. ದಾರಿ ಜಾಗದ ನಟ್ಟನಡುವೆ ಹಾದುಹೋಗುವುದಾದರೆ ಜಾಗದವರ ಸಂಕಟವೂ ನಿಜವಾದದ್ದು. ಗಡಿಯ ಬದಿಗೆ ಸರಿಸಲು ಒಪ್ಪಿ, ಅದಕ್ಕೆ ಬದಲಾಗಿ ಒಂದಡಿ ಹೆಚ್ಚು ಅಗಲ ಕೇಳಿ. ಇಂಥ ಒಪ್ಪಂದವನ್ನು ತಾಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್‌ನಲ್ಲಿ ದಾಖಲಿಸಿದರೆ ಡಿಕ್ರಿಯ ಬಲ ಬರುತ್ತದೆ.

ಅಗಲ ಮಾತಾಡುವಾಗ ನೇರ ಭಾಗವನ್ನಷ್ಟೇ ಅಳೆದು ಏಳಬೇಡಿ. ಎರಡು ಕಡೆ ಆಳೆತ್ತರದ ಗೋಡೆ ಇರುವ ದಾರಿ ಲಂಬಕೋನದಲ್ಲಿ ತಿರುಗುವಲ್ಲಿ ರೋಗಿಯನ್ನು ಹೊರಲು ಆಗುವುದಿಲ್ಲ. ಲೆಕ್ಕ ಸುಲಭ: ದಾರಿಯ ಅಗಲವನ್ನು 2.83ರಿಂದ ಗುಣಿಸಿ, ಸ್ಟ್ರೆಚರಿನ ಅಗಲದ ಎರಡರಷ್ಟು ಕಳೆಯಿರಿ. ಉಳಿದದ್ದು ತಿರುಗಬಲ್ಲ ಉದ್ದ. ಮೂರಡಿ ದಾರಿ, ಎರಡಡಿ ಅಗಲದ ಸ್ಟ್ರೆಚರ್ ಎಂದರೆ ನಾಲ್ಕೂವರೆ ಅಡಿ ಉದ್ದ ಮಾತ್ರ ತಿರುಗುತ್ತದೆ. ಆರೂವರೆ ಅಡಿಯ ಸ್ಟ್ರೆಚರಿಗೆ 3 ಅಡಿ 9 ಇಂಚು ಬೇಕು. ಹಿಂದೆ ಮುಂದೆ ಹೊರುವವರನ್ನೂ ಸೇರಿಸಿ ಒಂಬತ್ತಡಿ ಎಂದರೆ ನಾಲ್ಕೂವರೆ ಅಡಿಗಿಂತ ತುಸು ಹೆಚ್ಚು. ಇಡೀ ದಾರಿಯನ್ನು ಅಷ್ಟು ಅಗಲ ಮಾಡಲು ಒಪ್ಪದಿದ್ದರೆ ಒಳಮೂಲೆಯನ್ನು ಮಾತ್ರ ಎರಡೂ ಗೋಡೆಗಳಲ್ಲಿ ನಾಲ್ಕಡಿ ಹಿಂದಿನಿಂದ ಓರೆಯಾಗಿ ಕಟ್ಟಿಸಿ. ಜಾಗದವರು ಬಿಡುವುದು ಎಂಟು ಚದರಡಿ. ಒಂದು ಜೀವಕ್ಕೆ ಅದು ಏನೂ ಅಲ್ಲ, ಕೇಳಿದರೆ ಇಲ್ಲ ಎನ್ನುವವರೂ ಕಡಿಮೆ. ಕೇಳಬೇಕೆಂದು ತೋಚುವುದೇ ಕಷ್ಟ.

ನೀರಿನ ಕಡೆಯೂ ಗಮನ ಇರಲಿ. ಪಕ್ಕದ ಜಾಗಕ್ಕೆ ಮಣ್ಣು ತುಂಬಿಸಿ ಎರಡಡಿ ಎತ್ತರಿಸಿದರೆ ಓಣಿ ತೋಡಾಗುತ್ತದೆ. ಗೋಡೆ ಕಟ್ಟದೆಯೂ ದಾರಿ ಮುಚ್ಚುವ ಬಗೆ ಇದು. ಜೂನಿನಿಂದ ಸೆಪ್ಟೆಂಬರ್ ತನಕ ನಡೆಯಲಾಗದ ದಾರಿ ಕ್ರಮೇಣ ಬಳಕೆ ತಪ್ಪುತ್ತದೆ. ದಾರಿಯ ಒಂದು ಬದಿಗೆ ಒಂದಡಿಯ ಚರಂಡಿ ಜಾಗವನ್ನು ಅಗಲದ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಬಿಡಿಸಿಕೊಳ್ಳಿ. ದಾರಿಯನ್ನು ದುರಸ್ತಿ ಮಾಡುವ ಹಕ್ಕೂ ಖರ್ಚೂ ನಡೆಯುವವರದ್ದು, 24 ಮತ್ತು 25ನೇ ಕಲಂ ಹಾಗೆ ಹೇಳುತ್ತವೆ. ಹುಲ್ಲು ಸವರುವ ಕೂಲಿಯ ಚೀಟಿ, ಜಲ್ಲಿ ತರಿಸಿದ ಬಿಲ್ಲು ಇಟ್ಟುಕೊಂಡರೆ ಅವೂ ಬಳಕೆಯ ದಾಖಲೆಯೇ.

ಕೊನೆಗೆ ಪತ್ರ. ಒಪ್ಪಿಗೆಯಾದರೆ ನೂರು ರೂಪಾಯಿಯ ಛಾಪಾ ಕಾಗದದಲ್ಲಿ ನೋಟರಿ ಸಹಿ ಮಾಡಿಸಿ ಮುಗಿಸಬೇಡಿ; ಸ್ಥಿರಾಸ್ತಿಯ ಮೇಲಿನ ಹಕ್ಕು, ನೋಂದಣಿ ಆಗಬೇಕು. ಒಕ್ಕಣೆ ಹೀಗಿದ್ದರೆ ಗೊಂದಲ ಇರದು: 'ಎ ಷೆಡ್ಯೂಲು ಸ್ಥಿರಾಸ್ತಿಯ ಪಶ್ಚಿಮ ಗಡಿಯುದ್ದಕ್ಕೂ, ಪಂಚಾಯತ್ ರಸ್ತೆಯಿಂದ ಬಿ ಷೆಡ್ಯೂಲು ಸ್ಥಿರಾಸ್ತಿಯವರೆಗೆ, 150 ಅಡಿ ಉದ್ದ 10 ಅಡಿ ಅಗಲದ, ಲಗತ್ತಿಸಿದ ನಕ್ಷೆಯಲ್ಲಿ ಕೆಂಪು ಬಣ್ಣದಿಂದ ತೋರಿಸಿದ ಜಾಗದಲ್ಲಿ, ಬಿ ಷೆಡ್ಯೂಲಿನ ಈಗಿನ ಮತ್ತು ಮುಂದಿನ ಮಾಲಕರಿಗೆ, ಅವರ ಮನೆಯವರಿಗೆ, ಬಂದುಹೋಗುವವರಿಗೆ ನಡೆದು ಮತ್ತು ಎಲ್ಲ ಬಗೆಯ ವಾಹನದಲ್ಲಿ ಹೋಗಿಬರುವ ಹಾಗೂ ನೀರಿನ ಪೈಪು, ವಿದ್ಯುತ್ ತಂತಿ ಎಳೆಯುವ ಶಾಶ್ವತ ಹಕ್ಕನ್ನು ಕೊಡಲಾಗಿದೆ.' ಪೈಪು, ತಂತಿಯ ಮಾತು ಬಿಟ್ಟುಹೋದರೆ ಅದಕ್ಕೆ ಮತ್ತೊಂದು ಜಗಳ ಕಾದಿರುತ್ತದೆ.

ನೋಂದಣಿಯ ದಿನ ಷೆಡ್ಯೂಲಿನಲ್ಲಿ ನಿಮ್ಮ ಸರ್ವೆ ನಂಬರಿನ ಜೊತೆಗೆ ದಾರಿ ಕೊಡುವವರ ಸರ್ವೆ ನಂಬರೂ ದಾಖಲಾಗಿದೆಯೇ ಎಂದು ನೋಡಿ. ನಿಮ್ಮದನ್ನಷ್ಟೇ ಹಾಕಿದರೆ, ನಾಳೆ ಆ ಜಾಗ ಕೊಳ್ಳುವವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದಾಗ ದಾರಿ ಕಾಣದೆ ಹೋಗಬಹುದು. ವಾರ ಕಳೆದ ಮೇಲೆ ಅವರ ಸರ್ವೆ ನಂಬರಿನಲ್ಲಿ ನೀವೇ ಒಂದು ಇಸಿ ತೆಗೆಸಿ, ಪತ್ರದ ಸಂಖ್ಯೆ ಬಂದಿದೆಯೇ ನೋಡಿಕೊಳ್ಳಿ. ಪಹಣಿಯ 11ನೇ ಕಾಲಮಿನಲ್ಲಿ ಹಕ್ಕು ನಮೂದಿಸಲು ತಾಲೂಕು ಕಚೇರಿಗೆ ಅರ್ಜಿ ಕೊಟ್ಟು, ಪತ್ರದ ನಕಲನ್ನು ಪಂಚಾಯತ್ ಕಡತಕ್ಕೂ ಒಂದು ಕೊಡಿ. ಆ ಜಾಗಕ್ಕೆ ಮುಂದೆ ಕಟ್ಟಡ ಪರವಾನಿಗೆ ಕೇಳುವಾಗ ದಾರಿಯ ನಕ್ಷೆ ಅಲ್ಲಿ ಇರಬೇಕು.